ಎರಡು ಹೆಸರಿನ ಹೊಳೆ

ಶಾಲೆಗೆ ಸೇರುವ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಒಂದು ಕಲಂ ಇರುತ್ತದೆ. ಅದರ ಮುಂದೆ ಬಿಟ್ಟಿರುವ ಜಾಗ ಒಂದು ಪದ ಹಿಡಿಸುವಷ್ಟು ಮಾತ್ರ. ಹೆಚ್ಚಿನವರಿಗೆ ಅಷ್ಟು ಜಾಗ ಸಾಕು. ಯೋಚಿಸದೆ ಬರೆದು ಮುಂದಿನ ಕಲಮಿಗೆ ಹೋಗುತ್ತಾರೆ. ಆದರೆ ಕಾಸರಗೋಡಿನಲ್ಲೋ ಬೆಳಗಾವಿಯಲ್ಲೋ ಕೋಲಾರದಲ್ಲೋ, ಆ ಕಲಮಿನ ಎದುರು ಪೆನ್ನು ಹಿಡಿದು ಸುಮ್ಮನೆ ಕುಳಿತುಬಿಡುವ ಮಕ್ಕಳೂ ಇದ್ದಾರೆ. ಈ ವಾರದ ಮಾತು ಅಂಥ ಮಕ್ಕಳ ಬಗ್ಗೆ, ಅವರ ಹೆತ್ತವರ ಬಗ್ಗೆ.

ನನ್ನ ಕೈಯಲ್ಲಿ ಹತ್ತನೆಯ ತರಗತಿಯ ತನಕ ವಿಜ್ಞಾನ ಕಲಿತ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಹತ್ತಬಾರದೆಂದು ಹೆಸರು, ಊರು ಬಿಟ್ಟಿದ್ದೇನೆ. ತಂದೆ ನೀಲೇಶ್ವರದ ಕಡೆಯವರು, ಮನೆಮಾತು ಮಲಯಾಳ. ತಾಯಿ ಸುಳ್ಯದ ಕಡೆಯವರು, ಕನ್ನಡದವರು. ಮನೆ ಇರುವುದು ಚಂದ್ರಗಿರಿ ಹೊಳೆಯ ಉತ್ತರ ದಡದಲ್ಲಿ. ಅಪ್ಪನ ಹತ್ತಿರ ಮಲಯಾಳ, ಅಮ್ಮನ ಹತ್ತಿರ ಕನ್ನಡ, ನೆರೆಮನೆಯವರ ಹತ್ತಿರ ತುಳು. ಓದಿದ್ದು ಕನ್ನಡ ಮಾಧ್ಯಮ. ಪ್ರಶ್ನೆ ಕೇಳಿ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದ ಮಗು ಅದು.

ಎಸ್ಸೆಸ್ಸೆಲ್ಸಿ ಆಯಿತು, ಬೇರೆ ಶಾಲೆಯಲ್ಲಿ ಪ್ಲಸ್ ವನ್‌ಗೆ ಸೇರಿದಳು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಗೆಳತಿಯರ ಮಾತುಕತೆ ಮಲಯಾಳದಲ್ಲಿ. ಇವಳ ಮಲಯಾಳದಲ್ಲಿ ಕನ್ನಡದ ರಾಗ ಇದೆಯೆಂದು ಹಿಂದಿನ ಬೆಂಚಿನವರಿಗೆ ನಗು. ‘ಕನ್ನಡಕ್ಕಾರಿ’ ಎಂಬ ಅಡ್ಡಹೆಸರೂ ಬಿತ್ತು. ರಜೆಯಲ್ಲಿ ಸುಳ್ಯದ ಅಜ್ಜಿಮನೆಗೆ ಹೋದರೆ ಸೋದರಮಾವನ ಮಕ್ಕಳು ‘ಮಲಯಾಳಿ ಬಂದಳು’ ಎಂದು ಛೇಡಿಸಿದರು. ಎರಡು ಕಡೆಯವರೂ ತಮಾಷೆಗೇ ಹೇಳಿದ್ದು. ಆದರೆ ಹದಿನಾರರ ವಯಸ್ಸಿಗೆ ತಮಾಷೆಯೆಂಬುದು ಅಷ್ಟು ಹಗುರ ಅಲ್ಲ. ಅವಳು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಭೌತಶಾಸ್ತ್ರದಲ್ಲಿ ತಿಳಿಯದ್ದನ್ನೂ ಕೇಳಲಿಲ್ಲ. ಮೊದಲ ಪರೀಕ್ಷೆಯ ಅಂಕಗಳು ಬಂದ ವಾರ ತಂದೆ, ತಾಯಿ ಇಬ್ಬರೂ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದರು.

ತಾಯಿ ಹೇಳಿದರು: ‘ಮನೆಯಲ್ಲಿ ಎರಡು ಭಾಷೆ ಮಾತಾಡಿದ್ದೇ ತಪ್ಪಾಯಿತು ಮಾಷ್ಟ್ರೇ. ಇವಳ ತಲೆ ಗೊಂದಲವಾಗಿದೆ.’ ತಂದೆ ಹೇಳಿದರು: ‘ಇನ್ನು ಮನೆಯಲ್ಲಿ ಮಲಯಾಳ ಒಂದೇ ಸಾಕು. ಕನ್ನಡ ಓದಿ ಇಲ್ಲಿ ಏನಾಗಬೇಕು?’ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದಳು: ‘ಮಾಷ್ಟ್ರೇ, ನಾನು ಯಾವ ಕಡೆಯವಳು?’

ಇಲ್ಲಿ ಇರುವುದು ಮೂರು ಬೇರೆ ಬೇರೆ ಪ್ರಶ್ನೆಗಳು. ಎರಡು ಭಾಷೆಯಿಂದ ತಲೆ ಕೆಡುತ್ತದೆಯೇ? ಮಾತಿನ ರಾಗ ಬೇರೆಯಾದರೆ ಅದು ಕೊರತೆಯೇ? ಎರಡು ಕಡೆ ಸೇರಿದವರಿಗೆ ತಮ್ಮದೆಂಬ ಕಡೆ ಯಾವುದು? ಒಂದೊಂದನ್ನಾಗಿ ನೋಡೋಣ.

ತಲೆ ಗೊಂದಲವಾಗುತ್ತದೆಯೇ?

ಆ ತಾಯಿಯ ಭಯ ಹೊಸತಲ್ಲ. ಒಂದು ಕಾಲದಲ್ಲಿ ವಿದ್ವಾಂಸರೇ ಹಾಗೆ ಹೇಳಿದ್ದರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಸೇರ್ ಎಂಬವರು ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ 1923ರಲ್ಲಿ ಒಂದು ವರದಿ ಪ್ರಕಟಿಸಿದರು. ವೆಲ್ಷ್, ಇಂಗ್ಲಿಷ್ ಎರಡೂ ಆಡುವ ಹಳ್ಳಿಯ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಎರಡು ಭಾಷೆ ಬುದ್ಧಿಗೆ ಮಾರಕ ಎಂಬ ಮಾತು ಹರಡಿತು. ಆದರೆ ಅದೇ ವರದಿಯಲ್ಲಿ ಪಟ್ಟಣದ ದ್ವಿಭಾಷಿ ಮಕ್ಕಳಿಗೂ ಏಕಭಾಷಿ ಮಕ್ಕಳಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಭಾಷೆಯೇ ಕಾರಣವಾಗಿದ್ದರೆ ಪಟ್ಟಣದಲ್ಲಿಯೂ ಅದೇ ಫಲಿತಾಂಶ ಬರಬೇಕಿತ್ತಲ್ಲವೇ? ಮಕ್ಕಳು ಬೆಳೆದ ಪರಿಸ್ಥಿತಿಯ ವ್ಯತ್ಯಾಸವನ್ನು ಭಾಷೆಯ ತಲೆಗೆ ಕಟ್ಟಿದ ಹಾಗಾಯಿತು. ಪ್ರಯೋಗದಲ್ಲಿ ಒಂದು ಅಂಶ ಬಿಟ್ಟು ಉಳಿದೆಲ್ಲವನ್ನೂ ಸಮನಾಗಿ ಇಡಬೇಕೆಂದು ಎಂಟನೆಯ ತರಗತಿಯಲ್ಲಿ ನಾವು ಹೇಳಿಕೊಡುವುದು ಇದಕ್ಕಾಗಿಯೇ.

ಆ ನಿಯಮವನ್ನು ಪಾಲಿಸಿದವರು ಕೆನಡಾದ ಮಾಂಟ್ರಿಯಲ್ ನಗರದ ಪೀಲ್ ಮತ್ತು ಲ್ಯಾಂಬರ್ಟ್. 1962ರಲ್ಲಿ ಅವರು ಹತ್ತು ವರ್ಷದ ಮಕ್ಕಳಲ್ಲಿ, ಮನೆಯ ಸ್ಥಿತಿಗತಿ ಸಮನಾಗಿರುವವರನ್ನು ಆರಿಸಿ ಹೋಲಿಸಿದರು. ಫ್ರೆಂಚ್, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಮಕ್ಕಳು ಹಿಂದೆ ಬೀಳಲಿಲ್ಲ, ಮುಂದಿದ್ದರು. ನಮ್ಮ ದೇಶದಲ್ಲಿ ಹೈದರಾಬಾದಿನ ವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತು.

ಹಾಗೆಂದು ಎರಡು ಭಾಷೆಯನ್ನು ಬುದ್ಧಿಯ ಟಾನಿಕ್ ಎಂದು ಕುಡಿಸಲು ಹೋಗಬೇಡಿ. ದ್ವಿಭಾಷಿಗಳಿಗೆ ಏಕಾಗ್ರತೆ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿದರೆ, ನಂತರದ ಕೆಲವು ದೊಡ್ಡ ಅಧ್ಯಯನಗಳಲ್ಲಿ ಅಂಥ ಲಾಭ ಕಂಡಿಲ್ಲ. ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಆದರೆ ಎರಡು ಭಾಷೆಯ ಮನೆಯಲ್ಲಿ ಬೆಳೆಯುವುದರಿಂದ ಮಗುವಿನ ಬುದ್ಧಿ ಕೆಡುತ್ತದೆ ಎಂಬ ಹಳೆಯ ಮಾತಿಗೆ ಈಗ ಆಧಾರ ಉಳಿದಿಲ್ಲ. ಚಿಕ್ಕಂದಿನಲ್ಲಿ ಒಂದೊಂದು ಭಾಷೆಯಲ್ಲಿ ಪದಗಳು ಸ್ವಲ್ಪ ಕಡಿಮೆ ಇರಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಲೆಕ್ಕ ಸರಿಯಾಗುತ್ತದೆ.

ನಾವು ಎಡವುವುದು ಅಳತೆಗೋಲಿನಲ್ಲಿ. ದ್ವಿಭಾಷಿ ಎಂದರೆ ಇಬ್ಬರು ಏಕಭಾಷಿಗಳನ್ನು ಒಂದೇ ದೇಹದಲ್ಲಿ ತುಂಬಿದ್ದಲ್ಲ ಎಂದು ಫ್ರಾಂಸ್ವಾ ಗ್ರೋಜಾನ್ ಎಂಬ ಭಾಷಾ ಮನೋವಿಜ್ಞಾನಿ 1989ರಲ್ಲಿ ಬರೆದರು. ಅವರು ಕೊಡುವ ಹೋಲಿಕೆ ಹರ್ಡಲ್ಸ್ ಓಟದ್ದು. ಹರ್ಡಲ್ಸ್‌ನಲ್ಲಿ ಓಟವೂ ಇದೆ, ನೆಗೆತವೂ ಇದೆ. ಆದರೆ ಹರ್ಡಲ್ಸ್ ಓಟಗಾರ್ತಿಯನ್ನು ಬರೀ ಓಟಗಾರ್ತಿಯ ಪಕ್ಕ ನಿಲ್ಲಿಸಿ ‘ಓಟ ಸಾಲದು’ ಎನ್ನುವುದೂ ಎತ್ತರ ಜಿಗಿತದವಳ ಪಕ್ಕ ನಿಲ್ಲಿಸಿ ‘ನೆಗೆತ ಸಾಲದು’ ಎನ್ನುವುದೂ ನ್ಯಾಯವಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಪದಕ ತಪ್ಪಿಸಿಕೊಂಡರು. ಆಕೆ ಎತ್ತರ ಜಿಗಿತದಲ್ಲಿ ಎಷ್ಟು ಹಾರುತ್ತಿದ್ದರೆಂದು ಅಂದು ಯಾರೂ ಕೇಳಲಿಲ್ಲ. ಸುಳ್ಯದ ಅಳತೆಗೋಲಿನಲ್ಲಿ ಕನ್ನಡವನ್ನೂ ನೀಲೇಶ್ವರದ ಅಳತೆಗೋಲಿನಲ್ಲಿ ಮಲಯಾಳವನ್ನೂ ಬೇರೆ ಬೇರೆ ಅಳೆದರೆ ನಮ್ಮ ಹುಡುಗಿ ಎರಡರಲ್ಲೂ ಕಡಿಮೆಯೇ. ಅಲ್ಲಿಂದ ಇಲ್ಲಿಗೆ ದಾಟುವ ಅವಳ ಶಕ್ತಿಯನ್ನು ಅಳೆಯುವ ಕೋಲು ಆ ಎರಡೂ ಊರಿನಲ್ಲಿ ಇಲ್ಲ.

ನಾಲಗೆಯ ರಾಗ

ಎರಡನೆಯದು ನಗುವಿನ ವಿಷಯ. ಹುಟ್ಟಿದ ಮಗುವಿನ ಕಿವಿ ಬಹಳ ಸೂಕ್ಷ್ಮ. ಕೆನಡಾದ ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಶಿಶುಗಳು ಹಿಂದಿಯ ‘ತ’ಕಾರ, ‘ಟ’ಕಾರಗಳ ವ್ಯತ್ಯಾಸವನ್ನು ಗುರುತಿಸಬಲ್ಲವಾಗಿದ್ದವು. ಹತ್ತು ಹನ್ನೆರಡು ತಿಂಗಳಾಗುವಾಗ ಆ ಸಾಮರ್ಥ್ಯ ಬಹುಮಟ್ಟಿಗೆ ಕುಂದಿತ್ತು. ಸುತ್ತ ಕೇಳದ ಧ್ವನಿಗಳನ್ನು ಮಿದುಳು ಪಕ್ಕಕ್ಕಿಡುತ್ತದೆ. ಅಂದರೆ ಮಾತಿನ ರಾಗವೆಂಬುದು ನಾವು ಎಲ್ಲಿ, ಯಾರ ನಡುವೆ ಬೆಳೆದೆವು ಎಂಬುದರ ದಾಖಲೆ. ಅದರಲ್ಲಿ ನಗುವಂಥದ್ದು ಏನಿದೆ?

ಮಲಯಾಳದಲ್ಲಿ ಮಳೆಗೆ ‘ಮೞ’, ಕೋಳಿಗೆ ‘ಕೋೞಿ’ ಎನ್ನುತ್ತಾರೆ. ಆ ‘ೞ’ ಧ್ವನಿ ಕನ್ನಡ ಮಾಧ್ಯಮದ ಮಕ್ಕಳ ನಾಲಗೆಯಲ್ಲಿ ಹೆಚ್ಚಾಗಿ ‘ಳ’ ಆಗಿಬಿಡುತ್ತದೆ. ನಮ್ಮ ಹುಡುಗಿಯ ಗೆಳತಿಯರು ನಕ್ಕದ್ದು ಇಲ್ಲಿಯೇ. ಆದರೆ ಹಳಗನ್ನಡದಲ್ಲಿ ಇದೇ ಅಕ್ಷರ ಇತ್ತು. ಅಂದಿನ ಕನ್ನಡಿಗ ‘ಮೞೆ’ ಎಂದೇ ಬರೆಯುತ್ತಿದ್ದ. ಕಾಲಕ್ರಮದಲ್ಲಿ ಕನ್ನಡ ಅದನ್ನು ಬಿಟ್ಟಿತು, ಮಲಯಾಳ ಉಳಿಸಿಕೊಂಡಿತು. ಒಂದೇ ಮನೆಯ ಹಳೆಯ ಪಾತ್ರೆಯೊಂದು ತಂಗಿಯ ಮನೆಯಲ್ಲಿ ಉಳಿದ ಹಾಗೆ. ಅದನ್ನು ಕಲಿಯುವ ಕನ್ನಡದ ಮಗು ಪರರ ಸೊತ್ತನ್ನು ಮುಟ್ಟುತ್ತಿಲ್ಲ.

ನಗು ಎರಡೂ ಕಡೆಯಿಂದ ಬರುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ. ಕನ್ನಡದಲ್ಲಿ ‘ಪಟ್ಟಿ’ ಎಂದರೆ ಯಾದಿ, ಮಲಯಾಳದಲ್ಲಿ ನಾಯಿ. ನಮ್ಮಲ್ಲಿ ‘ಹಾಜರಿ ಪಟ್ಟಿ ತಾ’ ಎಂದರೆ ಮಲಯಾಳ ಮನೆಯ ಮಕ್ಕಳು ಮುಸಿ ಮುಸಿ ನಗುತ್ತಾರೆ. ಒಂದೇ ಭಾಷೆ ಬಲ್ಲವರಿಗೆ ಈ ನಗು ಸಿಗುವುದೇ ಇಲ್ಲ. ಇನ್ನೊಬ್ಬರನ್ನು ನೋಡಿ ನಗುವುದು ಬೇರೆ, ಎರಡು ಭಾಷೆಗಳ ಚೋದ್ಯಕ್ಕೆ ಎಲ್ಲರೂ ಕೂಡಿ ನಗುವುದು ಬೇರೆ. ಎರಡನೆಯದು ತರಗತಿಯಲ್ಲಿ ಆಗಾಗ ಬೇಕು.

ಭಾಷೆ ಬೆರೆಸಿದರೆ ಕೆಟ್ಟುಹೋಗುತ್ತದೆ ಎಂಬ ದೂರೂ ಇದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರವಿರುವ ಒಂದು ಹಳ್ಳಿಯನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾಶಾಸ್ತ್ರಜ್ಞರು ಅಧ್ಯಯನ ಮಾಡಿ 1971ರಲ್ಲಿ ಬರೆದರು. ಅವರ ಬರಹದಲ್ಲಿ ಅದರ ಹೆಸರು ಕುಪ್ವಾರ. ಅಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವ ಮನೆಗಳು ನೂರಾರು ವರ್ಷಗಳಿಂದ ಒಟ್ಟಿಗೆ ಬಾಳಿವೆ. ಮೂರರ ವಾಕ್ಯರಚನೆಯೂ ಎಷ್ಟು ಹತ್ತಿರ ಬಂದಿತ್ತೆಂದರೆ, ಪದಕ್ಕೆ ಪದ ಬದಲಿಸಿದರೆ ಒಂದು ಭಾಷೆಯ ವಾಕ್ಯ ಇನ್ನೊಂದರ ವಾಕ್ಯವಾಗುತ್ತಿತ್ತು. ಆದರೂ ಪದಗಳು ಬೇರೆಯಾಗಿಯೇ ಉಳಿದವು, ಮನೆಯೊಳಗಿನ ಭಾಷೆಯೂ ಉಳಿಯಿತು. ಹತ್ತಿರವಾಗುವುದು ಮತ್ತು ಅಳಿದುಹೋಗುವುದು ಒಂದೇ ಅಲ್ಲ.

ಯಾವ ಕಡೆಯವಳು?

ಮೂರನೆಯ ಪ್ರಶ್ನೆಯೇ ಕಷ್ಟದ್ದು. ಹದಿಹರೆಯದಲ್ಲಿ ‘ನಾನು ಯಾರು’ ಎಂಬ ತಳಮಳ ಎಲ್ಲರಿಗೂ ಬರುತ್ತದೆ. ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟವರು ಎರಿಕ್ ಎರಿಕ್‌ಸನ್ ಎಂಬ ಮನೋವಿಜ್ಞಾನಿ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರ ತಾಯಿ ಡೆನ್ಮಾರ್ಕಿನ ಯಹೂದಿ ಹೆಣ್ಣುಮಗಳು, ಸಾಕುತಂದೆ ಯಹೂದಿ ವೈದ್ಯರು. ಹುಡುಗ ಮಾತ್ರ ಎತ್ತರದ ನಿಲುವಿನ, ನೀಲಿ ಕಣ್ಣಿನ, ಹೊಂಬಣ್ಣದ ಕೂದಲಿನವ. ಯಹೂದಿ ಮಂದಿರದಲ್ಲಿ ‘ಇವನು ನಮ್ಮವನಲ್ಲ’ ಎಂದು ನಕ್ಕರು. ಶಾಲೆಯಲ್ಲಿ ‘ಇವನು ಯಹೂದಿ’ ಎಂದು ನಕ್ಕರು. ಆತ ಅಮೆರಿಕಕ್ಕೆ ಹೋಗಿ, 1939ರಲ್ಲಿ ಅಲ್ಲಿಯ ಪೌರತ್ವ ಪಡೆದಾಗ ಎರಿಕ್‌ಸನ್ ಎಂಬ ಹೆಸರನ್ನು ತಾನೇ ಇಟ್ಟುಕೊಂಡರು. ಇಂದು ಎಲ್ಲರ ಬಾಯಲ್ಲಿರುವ ‘ಐಡೆಂಟಿಟಿ ಕ್ರೈಸಿಸ್’ ಎಂಬ ಮಾತು ಅವರಿಂದ ಬಂದದ್ದು. ಸುಳ್ಯ, ನೀಲೇಶ್ವರಗಳ ನಡುವೆ ನಿಂತ ನಮ್ಮ ಹುಡುಗಿಗೆ ಈ ಕಥೆ ಹೇಳಿದಾಗ ಅವಳು ಮೊದಲ ಬಾರಿಗೆ ತಲೆ ಎತ್ತಿ ನೋಡಿದಳು. ಹದಿಹರೆಯದ ಈ ಹುಡುಕಾಟ ರೋಗವಲ್ಲ, ಬೆಳವಣಿಗೆಯ ಒಂದು ಹಂತ ಎಂಬುದೇ ಎರಿಕ್‌ಸನ್ ಅವರ ವಿಚಾರದ ತಿರುಳು.

ದೂರದ ಜರ್ಮನಿ ಯಾಕೆ? ನಮ್ಮ ಸುತ್ತಲೇ ನೋಡಿ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದವರು. ಕನ್ನಡದ ಮೊದಲ ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿ. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳು ತುಳು ಮನೆಯವರು. ಕಾಸರಗೋಡು ಕನ್ನಡಕ್ಕೆ ಸೇರಬೇಕೆಂದು ಅವರಷ್ಟು ಗಟ್ಟಿಯಾಗಿ ಹೇಳಿದವರು ಕಡಿಮೆ. ತುಳುವಿನಲ್ಲಿ ಬರೆಯುವುದನ್ನೂ ಅವರು ಬಿಡಲಿಲ್ಲ.

ಹುಡುಗಿಯರಿಗೆ ಹತ್ತಿರವಾಗುವ ಹೆಸರು ಸಾರಾ ಅಬೂಬಕ್ಕರ್ ಅವರದು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮನೆಮಾತು ಮಲಯಾಳ, ಶಾಲೆಯಲ್ಲಿ ಓದಿದ್ದು ಕನ್ನಡ. ಮುಸ್ಲಿಂ ಮನೆಯ ಹುಡುಗಿಯರು ಹೈಸ್ಕೂಲಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲ ಅದು. ಮುಂದೆ ಆ ಮನೆಗಳ ಹೆಣ್ಣುಮಕ್ಕಳ ಬದುಕನ್ನು ಆಕೆ ಕನ್ನಡದಲ್ಲಿ ಬರೆದರು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಬದುಕು ಮಲಯಾಳ ಮನೆಯದು, ಭಾಷೆ ಕನ್ನಡದ್ದು. ಮಲಯಾಳದ ಕೃತಿಗಳನ್ನೂ ಕನ್ನಡಕ್ಕೆ ತಂದರು. 2023ರಲ್ಲಿ ಅವರು ತೀರಿಕೊಂಡಾಗ ಕನ್ನಡ ಓದುಗರು ತಮ್ಮ ಮನೆಯ ಹಿರಿಯಳನ್ನು ಕಳಕೊಂಡ ಹಾಗೆ ಮರುಗಿದರು. ಎರಡು ಭಾಷೆಯ ನಡುವೆ ಇದ್ದುದರಿಂದಲೇ ಆಕೆಗೆ ಕಂಡದ್ದು ಉಳಿದವರಿಗೆ ಕಾಣಲಿಲ್ಲ.

ಚಂದ್ರಗಿರಿ ಎಂದೆನಲ್ಲ, ಆ ಹೊಳೆಯ ವಿಷಯ ನಮ್ಮ ಹುಡುಗಿಗೂ ಹೇಳಿದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿಯುವಾಗ ಅದು ಪಯಸ್ವಿನಿ. ಕಾಸರಗೋಡಿನಲ್ಲಿ ಕಡಲು ಸೇರುವಾಗ ಚಂದ್ರಗಿರಿ. ಗಡಿ ದಾಟಿದಾಗ ಹೆಸರು ಬದಲಾಗುತ್ತದೆ, ನೀರು ನಿಲ್ಲುವುದಿಲ್ಲ. ತಾಯಿಯ ಊರಿನ ನೀರೇ ಇಲ್ಲಿ ಮನೆಯ ಮುಂದೆ ಹರಿಯುತ್ತಿದೆ. ಏಪ್ರಿಲ್ ನಡುವಿನಲ್ಲಿ ನೀಲೇಶ್ವರದ ಅಜ್ಜಿ ‘ವಿಷು’ ಎಂದು ಕಣಿ ಇಡುತ್ತಾರೆ. ಸುಳ್ಯದ ಅಜ್ಜಿ ‘ಬಿಸು’ ಎಂದು ಕಣಿ ಇಡುತ್ತಾರೆ. ಎರಡೂ ಸೌರಮಾನದ ವರ್ಷಾರಂಭ, ಎರಡರಲ್ಲೂ ಕನ್ನಡಿ, ತೆಂಗಿನಕಾಯಿ, ಫಲವಸ್ತು. ಎಲೆ ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುವುದನ್ನು ನಾನು ‘ದ್ಯುತಿಸಂಶ್ಲೇಷಣೆ’ ಎಂದು ಕಲಿಸಿದೆ, ಪಕ್ಕದ ತರಗತಿಯ ಮಾಷ್ ‘ಪ್ರಕಾಶಸಂಶ್ಲೇಷಣಂ’ ಎಂದು ಕಲಿಸಿದರು. ಎಲೆಗೆ ಎರಡೂ ಗೊತ್ತಿಲ್ಲ. ಅದು ತನ್ನ ಕೆಲಸ ಮಾಡುತ್ತದೆ.

ಇದರಿಂದ ಎಲ್ಲ ಸರಿಹೋಯಿತು ಎನ್ನಲಾರೆ. ಗಡಿಯ ನೋವು ಸುಳ್ಳಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡಿಗರು ಅದನ್ನು ಹೊತ್ತಿದ್ದಾರೆ. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಇಲ್ಲಿ ದೊಡ್ಡ ಪ್ರತಿಭಟನೆಗಳಾದವು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಹಕ್ಕಿಗಾಗಿ ದೊಡ್ಡವರು ಹೋರಾಡಲಿ, ಹೋರಾಡಲೇಬೇಕು. ಆದರೆ ಆ ಹೋರಾಟವನ್ನು ಹದಿನಾರರ ಹುಡುಗಿಯ ನಾಲಗೆಯ ಮೇಲೆ ನಡೆಸಬಾರದು. ಕನ್ನಡದ ಹಕ್ಕು ಕೇಳುವುದಕ್ಕೆ ಮಲಯಾಳವನ್ನು ದ್ವೇಷಿಸಬೇಕಾಗಿಲ್ಲ. ಮಲಯಾಳ ಕಲಿಯುವುದಕ್ಕೆ ಕನ್ನಡವನ್ನು ಮರೆಯಬೇಕಾಗಿಲ್ಲ.

ಆ ಮನೆಯಲ್ಲಿ ನಾವು ಮಾಡಿದ ಏರ್ಪಾಡು ಇಷ್ಟೆ: ಯಾವ ಭಾಷೆಯನ್ನೂ ನಿಲ್ಲಿಸುವುದು ಬೇಡ. ಸಂಜೆ ಹತ್ತು ನಿಮಿಷ ಅಪ್ಪನ ಎದುರು ಮಲಯಾಳ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಹತ್ತು ನಿಮಿಷ ಅಮ್ಮನ ಎದುರು ಕನ್ನಡ ಓದುವುದು. ಭೌತಶಾಸ್ತ್ರದ ಪರಿಭಾಷೆಗೆ ಮೂರು ಕಾಲಮಿನ ಒಂದು ನೋಟ್‌ಬುಕ್: ಕನ್ನಡ, ಮಲಯಾಳ, ಇಂಗ್ಲಿಷ್. ಕೆಲವು ತಿಂಗಳಲ್ಲಿ ಆ ನೋಟ್‌ಬುಕ್ ಗೆಳತಿಯರ ಕೈಗೂ ಹೋಯಿತು. ನಕ್ಕವರೇ ಬರೆದುಕೊಂಡರು. ಮಾತಿನ ರಾಗ ಹಾಗೆಯೇ ಉಳಿಯಿತು, ಪ್ರಶ್ನೆ ಕೇಳುವ ಧೈರ್ಯ ಮರಳಿತು.

ಹೆತ್ತವರಿಗೆ, ಮಕ್ಕಳಿಗೆ

ಹೆತ್ತವರಲ್ಲಿ ಮೂರು ವಿನಂತಿ. ಮಗುವಿನ ಎದುರು ಒಬ್ಬರು ಇನ್ನೊಬ್ಬರ ಭಾಷೆಯನ್ನು ಹೀಯಾಳಿಸಬೇಡಿ. ಮಗುವಿಗೆ ಅದು ತನ್ನ ಅರ್ಧವನ್ನೇ ಹೀಯಾಳಿಸಿದ ಹಾಗೆ. ಎರಡು ಭಾಷೆಯೂ ಬರಿಯ ಮಾತಿನಲ್ಲಿ ಉಳಿಯದಿರಲಿ, ಓದಲು ಬರೆಯಲು ಬರಲಿ. ಓದದ ಭಾಷೆ ವಯಸ್ಸಿನ ಜೊತೆ ಬೆಳೆಯುವುದಿಲ್ಲ, ಹದಿನೆಂಟಾದರೂ ಆರು ವರ್ಷದ ಮಗುವಿನ ಮಾತಾಗಿಯೇ ಉಳಿಯುತ್ತದೆ. ಮಗು ಇದ್ದಕ್ಕಿದ್ದಂತೆ ಮೌನವಾದರೆ ಅಂಕಪಟ್ಟಿ ನೋಡುವ ಮೊದಲು ಕಾರಣ ಕೇಳಿ.

ಮಕ್ಕಳೇ, ನಿಮಗೊಂದು ಅಂಕಿಸಂಖ್ಯೆ. 2011ರ ಜನಗಣತಿಯಲ್ಲಿ ನಮ್ಮ ಜನ ತಮ್ಮ ಮಾತೃಭಾಷೆ ಎಂದು ಬರೆಸಿದ ಹೆಸರುಗಳು 19,569. ಅವನ್ನು ಜರಡಿ ಹಿಡಿದು ಅಧಿಕಾರಿಗಳು 1,369ಕ್ಕೆ ತಂದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲೆವೆಂದವರು ಜನಸಂಖ್ಯೆಯ ಸುಮಾರು ಶೇಕಡ 26. ಅಂದರೆ ಪ್ರತಿ ನಾಲ್ವರಲ್ಲಿ ಒಬ್ಬರು ನಿಮ್ಮಂಥವರೇ.

ಈ ವಾರ ಒಂದು ಪ್ರಯೋಗ ಮಾಡಿ. ಒಂದು ಹಾಳೆಯಲ್ಲಿ ಗೆರೆ ಎಳೆದು, ಒಂದು ದಿನ ಪೂರ್ತಿ ನಿಮ್ಮ ನಾಲಗೆಯನ್ನು ನೀವೇ ಗಮನಿಸಿ. ಮನಸ್ಸಿನಲ್ಲಿ ಲೆಕ್ಕ ಮಾಡಿದ್ದು ಯಾವ ಭಾಷೆಯಲ್ಲಿ? ಸಿಟ್ಟು ಬಂದಾಗ ಬೈದದ್ದು? ದೇವರ ಮುಂದೆ ಬೇಡಿಕೊಂಡದ್ದು? ಕಾಲಿಗೆ ಕಲ್ಲು ತಾಗಿದಾಗ ಬಾಯಿಂದ ಬಂದದ್ದು? ಗೆಳತಿಗೆ ಗುಟ್ಟು ಹೇಳಿದ್ದು? ಸುಳ್ಳು ಬರೆಯಬೇಡಿ, ಪ್ರಯೋಗದ ಪುಸ್ತಕದಲ್ಲಿ ಕಂಡದ್ದನ್ನಷ್ಟೇ ಬರೆಯಬೇಕು. ರಾತ್ರಿ ಆ ಹಾಳೆಯನ್ನು ಅಪ್ಪ ಅಮ್ಮನಿಗೆ ತೋರಿಸಿ, ಅವರಿಂದಲೂ ಒಂದು ಹಾಳೆ ಬರೆಸಿ. ಒಂದೇ ಭಾಷೆಯ ಮನೆ ಎಂದು ತಿಳಿದಿದ್ದವರ ಹಾಳೆಯಲ್ಲೂ ಎರಡು ಮೂರು ಭಾಷೆಗಳು ಸಿಕ್ಕಿದರೆ ಆಶ್ಚರ್ಯಪಡಬೇಡಿ.